ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪೀರ್ ರಿವ್ಯೂ ಹೇಳಿಕೊಡೋದು ಹೇಗೆ? ಸಿಕ್ಕಿರೋದು ಮೂರೇ ಗಂಟೆ

ಹೆಬ್ಬಾಳ_ಲ್ಯಾಬ್:
ಎಲ್ಲರಿಗೂ ನಮಸ್ಕಾರ. ಯಲಹಂಕ ಕಡೆಯ ಒಂದು ಸಂಸ್ಥೆಯಲ್ಲಿ ಎರಡನೇ, ಮೂರನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಪೀರ್ ರಿವ್ಯೂ (ಪ್ರಕಟಿಸೋ ಮೊದಲು ಪೇಪರನ್ನ ಅದೇ ಕ್ಷೇತ್ರದವರು ಪರಿಶೀಲಿಸೋದು) ಬಗ್ಗೆ ಒಂದು ಸೆಷನ್ ಆಗಬೇಕು. 25 ಜನ, ಶನಿವಾರ ಬೆಳಗ್ಗೆ ಮೂರು ಗಂಟೆ. ಮುಕ್ಕಾಲು ಪಾಲು ಬಯಾಲಜಿ, ಉಳಿದವರು ಮಟೀರಿಯಲ್ಸ್. ಯುಜಿಸಿಯ ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್ ಕೋರ್ಸ್ ಎಲ್ಲರದ್ದೂ ಮುಗಿದಿದೆ. ಎರಡು ಕ್ರೆಡಿಟ್, 30 ಗಂಟೆ. ಅದರಲ್ಲಿ ಕೃತಿಚೌರ್ಯ, ಪ್ರೆಡೇಟರಿ ಜರ್ನಲ್ (ದುಡ್ಡು ತಗೊಂಡು ಏನು ಬೇಕಾದ್ರೂ ಛಾಪಿಸೋ ನಕಲಿ ಜರ್ನಲ್), ಸೈಟೇಶನ್ ಲೆಕ್ಕ ಎಲ್ಲ ಬರುತ್ತೆ. ಒಂದು ರಿವ್ಯೂ ರಿಪೋರ್ಟ್ ಬರೆಯೋದು ಹೇಗೆ ಅಂತ ಮಾತ್ರ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಸಿಂಗಲ್ ಬ್ಲೈಂಡ್ ಅಂದ್ರೆ ಲೇಖಕರಿಗೆ ರಿವ್ಯೂವರ್ ಯಾರಂತ ಗೊತ್ತಿರಲ್ಲ, ಡಬಲ್ ಬ್ಲೈಂಡ್ ಅಂದ್ರೆ ಇಬ್ಬರಿಗೂ ಗೊತ್ತಿರಲ್ಲ ಅಂತ ಸ್ಲೈಡ್ ಓದೋಕೆ ಮನಸ್ಸಿಲ್ಲ. ಏನು ಮಾಡಿಸಬಹುದು? ಎಂಥ ಪೇಪರ್ ಕೊಡೋದು?

ಎಡಿಟರ್_ಟೇಬಲ್:
ಪೇಪರ್ ಆರಿಸೋದರಲ್ಲೇ ಅರ್ಧ ಕೆಲಸ ಇದೆ. ರಿವ್ಯೂವರ್ ವರದಿಗಳು ಬಹಿರಂಗವಾಗಿ ಸಿಗೋ ಪೇಪರನ್ನೇ ತಗೊಳ್ಳಿ. ಎಂಬೋ ಜರ್ನಲ್ 2009ರಿಂದ ರಿವ್ಯೂವರ್‌ಗಳ ವರದಿ, ಲೇಖಕರ ಉತ್ತರ, ಎಡಿಟರ್ ಪತ್ರ ಎಲ್ಲ ಸೇರಿಸಿ ಪೇಪರ್ ಜೊತೆಗೇ ಹಾಕ್ತಾ ಬಂದಿದೆ. ಇಲೈಫ್ ಜರ್ನಲ್‌ನಲ್ಲೂ ಸಿಗುತ್ತೆ. ಆಮೇಲೆ ಅದೇ ಪೇಪರಿನ ಪ್ರೀಪ್ರಿಂಟ್ (ರಿವ್ಯೂಗೆ ಮೊದಲೇ ಲೇಖಕರು ಬಹಿರಂಗ ಮಾಡಿದ ಪ್ರತಿ) ಬಯೋಆರ್ಕೈವ್ ಅನ್ನೋ ಸೈಟಿನಲ್ಲಿ ಹುಡುಕಿ.

ಇಲ್ಲೇ ಎಡವಟ್ಟಾಗೋದು. ಪ್ರಕಟವಾದ ಪೇಪರನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟುಬಿಡ್ತಾರೆ. ರಿವ್ಯೂವರ್ ಎತ್ತಿದ ತಕರಾರೆಲ್ಲ ಅದರಲ್ಲಿ ಆಗಲೇ ಸರಿಹೋಗಿರುತ್ತೆ, ಹುಡುಕೋಕೆ ಏನೂ ಉಳಿದಿರಲ್ಲ. ಪ್ರೀಪ್ರಿಂಟಿನ ಮೊದಲ ಆವೃತ್ತಿ ಬೇಕು, ಅದರ ತಾರೀಖು ಜರ್ನಲ್‌ಗೆ ಪೇಪರ್ ತಲುಪಿದ ತಾರೀಖಿನ ಆಸುಪಾಸಲ್ಲಿರಬೇಕು. ಎರಡನೇ ಆವೃತ್ತಿ ಬಹುತೇಕ ರಿವಿಷನ್ ಆದಮೇಲೆ ಹಾಕಿದ್ದಿರುತ್ತೆ.

ಒಂದು ವಾರ ಮುಂಚೆ ಕಳಿಸಿ, ಒಂದೊಂದು ಪುಟ ಬರೆದೇ ಬರಲಿ. ಬರೆಯದೆ ಬಂದವರು ಗಟ್ಟಿ ದನಿಯವರ ಮಾತಿಗೆ ತಲೆ ಅಲ್ಲಾಡಿಸ್ಕೊಂಡು ಕೂರ್ತಾರೆ. ಮೊದಲ 40 ನಿಮಿಷ ನಾಲ್ಕೈದು ಜನರ ಗುಂಪು ಮಾಡಿ, ತಮ್ಮ ವರದಿಗಳನ್ನ ಒಂದೇ ವರದಿ ಮಾಡಲಿ. ಆಮೇಲಷ್ಟೇ ಅಸಲಿ ರಿವ್ಯೂ ಫೈಲ್ ಹಂಚಿ. ಮೂರು ಜನ ರಿವ್ಯೂವರ್‌ಗಳು ಒಬ್ಬರಿಗೊಬ್ಬರು ವಿರುದ್ಧ ಹೇಳಿರೋ ಫೈಲ್ ಸಿಕ್ಕರೆ ಬಿಡಬೇಡಿ. ಎಡಿಟರ್ ವೋಟು ಎಣಿಸಲ್ಲ, ವಾದ ತೂಗ್ತಾರೆ ಅನ್ನೋದು ಆ ಪತ್ರ ಓದಿದಾಗಲೇ ಅರ್ಥವಾಗೋದು.

ಎರಡನೇ_ರಿವ್ಯೂವರ್:
25 ಜನಕ್ಕೂ ಒಂದೇ ಪೇಪರ್ ಕೊಡಿ. ಎರಡು ಕೊಟ್ರೆ ಹೋಲಿಸೋಕಾಗಲ್ಲ.

ಕೆಪಾಸಿಟರ್_ಕುಮಾರ:
ಯಾಕೆ ಗುರು, ಮಟೀರಿಯಲ್ಸ್‌ನವರು ಬಯಾಲಜಿಯವರ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆ ಮಾಡೋ ಪರೀಕ್ಷೆಯ ಚಿತ್ರ) ನೋಡ್ಕೊಂಡು ಕೂರಬೇಕಾ? ನಮ್ಮ ಕಡೆ ತಪ್ಪುಗಳೇ ಬೇರೆ. ಸೂಪರ್‌ಕೆಪಾಸಿಟರ್ (ವಿದ್ಯುತ್ ಕೂಡಿಡೋ ಸಾಧನ) ಪೇಪರ್ ತಗೊಳ್ಳಿ, ಗ್ರಾಮಿಗೆ ಇಷ್ಟು ಫ್ಯಾರಡ್ (ಕೂಡಿಡೋ ಸಾಮರ್ಥ್ಯದ ಅಳತೆ) ಅಂತ ಅಬ್‌ಸ್ಟ್ರಾಕ್ಟ್‌ನಲ್ಲೇ (ಪೇಪರಿನ ಸಾರಾಂಶ) ಮೆರೀತಿರುತ್ತೆ. ಮೆಥಡ್ಸ್‌ಗೆ ಹೋಗಿ ಎಲೆಕ್ಟ್ರೋಡ್ ಮೇಲೆ ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಗ್ರಾಂ ಬಳಿದಿದ್ದಾರೆ ನೋಡಿ. ಮಾರುಕಟ್ಟೆಯ ಸೆಲ್‌ಗಳಲ್ಲಿ ಸುಮಾರು 10 ಮಿಲಿಗ್ರಾಂ ಇರುತ್ತೆ. ಪೇಪರಿನಲ್ಲಿ ಒಂದಕ್ಕಿಂತ ಕಡಿಮೆ ಇದ್ರೆ ಆ ಗ್ರಾಮಿನ ಲೆಕ್ಕ ನಂಬೋ ಹಾಗಿಲ್ಲ. ಪದರ ತೆಳ್ಳಗಿದ್ದಷ್ಟೂ ನಂಬರ್ ಚೆನ್ನಾಗಿ ಕಾಣುತ್ತೆ, ದಪ್ಪ ಮಾಡಿದ್ರೆ ಅದು ನಿಲ್ಲಲ್ಲ. ಅಳೆದಿದ್ದು ಮೂರು ಎಲೆಕ್ಟ್ರೋಡ್ ಸೆಟಪ್‌ನಲ್ಲಾ ಎರಡರಲ್ಲಾ ಅನ್ನೋದೂ ಮುಖ್ಯ. ಮೂರರಲ್ಲಿ ಒಂದೇ ಎಲೆಕ್ಟ್ರೋಡ್‌ನ ಗುಣ ಅಳೆದು ಇಡೀ ಡಿವೈಸ್ ಬಗ್ಗೆ ಮಾತಾಡೋರು ಬೇಕಾದಷ್ಟಿದ್ದಾರೆ.

ಎರಡನೇ_ರಿವ್ಯೂವರ್:
ಸರಿ, ಮಟೀರಿಯಲ್ಸ್‌ಗೆ ಬೇರೆ ಟೇಬಲ್ ಹಾಕಿ.

ಅಂಕಿಸಂಖ್ಯೆ:
ಎಲ್ಲ ವಿಷಯದವರಿಗೂ ಹೊಂದೋದು ಲೆಕ್ಕ. ಕ್ಯಾಲ್ಕುಲೇಟರ್ ಕೈಗೆ ಕೊಟ್ಟು ಅರ್ಧ ಗಂಟೆ ಇದನ್ನ ಮಾಡಿಸಿ.

ಮೊದಲನೇದು, ಫಿಗರ್ ಕೆಳಗಿನ ಬರಹ ಓದಿಸಿ. ಎರರ್ ಬಾರ್ ಎಸ್‌ಡಿನಾ (ಅಂಕಿಗಳ ಚೆದುರುವಿಕೆ) ಎಸ್‌ಇಎಂ ಆ (ಸರಾಸರಿಯ ಅನಿಶ್ಚಿತತೆ)? ಎಸ್‌ಇಎಂ ಅಂದ್ರೆ ಎಸ್‌ಡಿಯನ್ನ ಎನ್‌ನ (ಸ್ಯಾಂಪಲ್ ಸಂಖ್ಯೆ) ವರ್ಗಮೂಲದಿಂದ ಭಾಗಿಸಿದ್ದು. ಎನ್ 9 ಇದ್ದು ಎಸ್‌ಇಎಂ 4 ಅಂತ ಕೊಟ್ಟಿದ್ರೆ ಅಸಲಿ ಚೆದುರುವಿಕೆ 12. ಪುಟ್ಟದಾಗಿ ಮುದ್ದಾಗಿದ್ದ ಬಾರ್ ಮೂರು ಪಟ್ಟು ಉದ್ದ ಆಗುತ್ತೆ.

ಎರಡನೇದು, ಎನ್ ಅಂದ್ರೆ ಯಾವುದರ ಎಣಿಕೆ? ಮೂರು ಇಲಿ, ಒಂದೊಂದರಿಂದ 50 ಜೀವಕೋಶ ಅಳೆದು ಎನ್ 150 ಅಂತ ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಸೋ ಪರೀಕ್ಷೆ) ಹಾಕಿರ್ತಾರೆ. ಔಷಧಿ ಕೊಟ್ಟಿದ್ದು ಇಲಿಗೆ, ಹಾಗಾಗಿ ಎನ್ 3. ಒಂದೇ ಇಲಿಯ ಜೀವಕೋಶಗಳು ಒಂದಕ್ಕೊಂದು ಹೋಲೋದರಿಂದ ಅವನ್ನ ಬಿಡಿಬಿಡಿ ಸಾಕ್ಷಿ ಅಂತ ಎಣಿಸೋಕೆ ಬರಲ್ಲ. ಪಿ ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣೋ ಸಂಭವ) 0.0001 ಅಂತ ಕಂಡ್ರೆ ಮೊದಲು ಇಲ್ಲೇ ಹುಡುಕಬೇಕು. ವರದಿಯಲ್ಲಿ ಬರೀ ತಪ್ಪು ಅನ್ನೋದು ಸಾಲದು, ಇಲಿವಾರು ಸರಾಸರಿ ತೆಗೆದು ಟೆಸ್ಟ್ ಮಾಡಿ ಅಥವಾ ಯಾವ ಜೀವಕೋಶ ಯಾವ ಇಲಿಯದ್ದು ಅಂತ ಲೆಕ್ಕಕ್ಕೆ ತಗೊಳ್ಳೋ ಮಿಕ್ಸೆಡ್ ಮಾಡೆಲ್ ಹಾಕಿ ಅಂತ ದಾರಿ ಹೇಳಬೇಕು.

ಮೂರನೇದು ಗ್ರಿಮ್ ಟೆಸ್ಟ್, 2016ರಲ್ಲಿ ಬ್ರೌನ್, ಹೀದರ್ಸ್ ಅನ್ನೋ ಇಬ್ಬರು ತಂದಿದ್ದು. 23 ಜನ, 1ರಿಂದ 7ರವರೆಗೆ ಪೂರ್ಣಾಂಕದಲ್ಲಿ ಅಂಕ ಕೊಟ್ಟಿದ್ದಾರೆ, ಸರಾಸರಿ 3.47 ಅಂತ ಪೇಪರ್ ಹೇಳುತ್ತೆ ಅಂದ್ಕೊಳ್ಳಿ. ಒಟ್ಟು ಮೊತ್ತ ಪೂರ್ಣಾಂಕವೇ ಆಗಬೇಕಲ್ಲ? 79ನ್ನ 23ರಿಂದ ಭಾಗಿಸಿದ್ರೆ 3.43, 80ನ್ನ ಭಾಗಿಸಿದ್ರೆ 3.48. 3.47 ಬರೋಕೆ ಸಾಧ್ಯವೇ ಇಲ್ಲ. ಎರಡು ದಶಮಾಂಶ ಕೊಟ್ಟಿದ್ರೆ ನೂರಕ್ಕಿಂತ ಕಡಿಮೆ ಜನರ ಲೆಕ್ಕದಲ್ಲಿ ಮಾತ್ರ ಇದು ನಡೆಯೋದು. ಸಿಕ್ಕಿದ ಮಾತ್ರಕ್ಕೆ ಮೋಸ ಅಂತ ಬರೀಬಾರದು. ಕೆಲವರು ಉತ್ತರ ಕೊಡದೆ ಬಿಟ್ಟಿದ್ರೂ ಹೀಗಾಗಬಹುದು. ಈ ಸಾಲಿಗೆ ಎನ್ ಎಷ್ಟು ಅಂತ ಕೇಳಿದ್ರೆ ಸಾಕು.

ಕಾಫಿಪುಡಿ:
ಇದೊಂದು ಕಾಮೆಂಟ್ ಪ್ರಿಂಟ್ ತೆಗೆದು ಹಂಚಿದ್ರೆ ಸೆಷನ್ ಮುಗೀತು 😀

ವಾದಿ_ಪ್ರತಿವಾದಿ:
ಬೇಜಾರು ಮಾಡ್ಕೋಬೇಡಿ, ಇಂಥ ತರಬೇತಿಯಿಂದ ಏನೂ ಆಗಲ್ಲ ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನವರೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಪೇಪರಿನಲ್ಲಿ ಬೇಕಂತಲೇ 9 ದೊಡ್ಡ ತಪ್ಪು ತುರುಕಿ ರಿವ್ಯೂವರ್‌ಗಳಿಗೆ ಕಳಿಸಿದ್ರು. ಅರ್ಧಕ್ಕರ್ಧವೂ ಸಿಗಲಿಲ್ಲ, ಸರಾಸರಿ ಮೂರರ ಒಳಗೇ. ತರಬೇತಿ ಕೊಟ್ಟ ಗುಂಪು, ಕೊಡದ ಗುಂಪು, ವ್ಯತ್ಯಾಸ ಕೂದಲೆಳೆಯಷ್ಟು. 2004, 2008ರಲ್ಲಿ ಬಂದ ಪೇಪರ್‌ಗಳು. ಅದಾದ ಮೇಲೆ 2014ರ ನಿಪ್ಸ್ ಅನ್ನೋ ಮಷೀನ್ ಲರ್ನಿಂಗ್ ಸಮ್ಮೇಳನದ ಪ್ರಯೋಗ: 166 ಪೇಪರ್‌ಗಳನ್ನ ಎರಡು ಸಮಿತಿಗಳಿಗೆ ಬೇರೆಬೇರೆಯಾಗಿ ಕೊಟ್ರು, ಒಂದು ಸಮಿತಿ ಪಾಸ್ ಮಾಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಇನ್ನೊಂದು ಸಮಿತಿ ತಿರಸ್ಕರಿಸ್ತು. ಅಳತೆಗೋಲೇ ನೆಟ್ಟಗಿಲ್ಲದಾಗ ಅಳೆಯೋದು ಏನು ಕಲಿಸ್ತೀರಿ?

ಎಡಿಟರ್_ಟೇಬಲ್:
ಅಂಕಿ ಸರಿ, ತೀರ್ಮಾನ ಅವಸರದ್ದು. ಅವು ಒಂದು ದಿನದೊಳಗಿನ ತರಬೇತಿ, ಆಗಲೇ ರಿವ್ಯೂ ಮಾಡ್ತಿದ್ದವರಿಗೆ ಕೊಟ್ಟಿದ್ದು. ಇಲ್ಲಿರೋರು ಒಂದು ವರದಿಯ ಮುಖವನ್ನೂ ನೋಡದವರು. ರಿವ್ಯೂ ಫಾರಂನ ಯಾವ ಡಬ್ಬದಲ್ಲಿ ಏನು ಬರೀಬೇಕು ಅನ್ನೋದೇ ಇವರಿಗೆ ಹೊಸದು. ನಿಪ್ಸ್ ಲೆಕ್ಕದಿಂದ ಗೊತ್ತಾಗೋದು ನಡುವಿನ ಗುಣಮಟ್ಟದ ಪೇಪರ್‌ಗಳ ಹಣೆಬರಹ ಅದೃಷ್ಟದ ಮೇಲೂ ನಿಂತಿದೆ ಅನ್ನೋದು. ಅದನ್ನ ವಿದ್ಯಾರ್ಥಿಗಳಿಗೆ ಹೇಳಿ, ರಿಜೆಕ್ಟ್ ಬಂದಾಗ ನಿದ್ದೆಯಾದ್ರೂ ಬರುತ್ತೆ.

ಅಂಕಿಸಂಖ್ಯೆ:
ಆ ತಪ್ಪು ತುರುಕೋ ಉಪಾಯವನ್ನೇ ಕದಿಯಿರಿ. ಪ್ರೀಪ್ರಿಂಟಿನ ವರ್ಡ್ ಪ್ರತಿ ಮಾಡ್ಕೊಂಡು ನಾಲ್ಕು ಕಡೆ ಕೈ ಹಾಕಿ. ಟೇಬಲ್‌ನಲ್ಲಿ ಒಂದು ಸಂಖ್ಯೆ ಬದಲಿಸಿ, ಪಠ್ಯದಲ್ಲಿ ಹಾಗೇ ಬಿಡಿ. ಒಂದು ಬ್ಲಾಟ್‌ನಿಂದ ಲೋಡಿಂಗ್ ಕಂಟ್ರೋಲ್ (ಎಲ್ಲ ಸ್ಯಾಂಪಲ್ ಸಮನಾಗಿ ಹಾಕಿದ್ದಾರೆ ಅಂತ ತೋರಿಸೋ ಪಟ್ಟಿ) ತೆಗೀರಿ. ಅಬ್‌ಸ್ಟ್ರಾಕ್ಟ್‌ನಲ್ಲಿ ‘ಸಂಬಂಧ ಕಂಡುಬಂತು’ ಅನ್ನೋದನ್ನ ‘ಕಾರಣವಾಯಿತು’ ಅಂತ ಮಾಡಿ. ಮೆಥಡ್ಸ್‌ನಿಂದ ರಾಂಡಮೈಸೇಶನ್ (ಚೀಟಿ ಎತ್ತಿದ ಹಾಗೆ ಗುಂಪು ಹಂಚೋದು) ಸಾಲು ಅಳಿಸಿ. ತಿದ್ದಿದ್ದು ಅಂತ ಪ್ರತಿ ಪುಟದ ತಲೆಯಲ್ಲೂ ಬರೀರಿ, ಆ ಪ್ರತಿ ಹೊರಗೆ ಓಡಾಡಿದ್ರೆ ಲೇಖಕರ ಹೆಸರು ಕೆಡುತ್ತೆ. ಎಲ್ಲರಿಗೂ ಸಿಗೋದು ಟೇಬಲ್ ತಪ್ಪು, ಯಾರಿಗೂ ಸಿಗದಿರೋದು ಅಳಿಸಿದ ಸಾಲು. ಇರೋದರಲ್ಲಿ ತಪ್ಪು ಕಾಣುತ್ತೆ, ಇಲ್ಲದಿರೋದು ಕಾಣಲ್ಲ. ಚೆಕ್‌ಲಿಸ್ಟ್ ಇರೋದೇ ಅದಕ್ಕೆ. ಪ್ರಾಣಿ ಪ್ರಯೋಗಕ್ಕೆ ಅರೈವ್, ಕ್ಲಿನಿಕಲ್ ಟ್ರಯಲ್‌ಗೆ ಕನ್ಸಾರ್ಟ್, ಸಿಸ್ಟಮ್ಯಾಟಿಕ್ ರಿವ್ಯೂಗೆ ಪ್ರಿಸ್ಮಾ.

ಹೆಬ್ಬಾಳ_ಲ್ಯಾಬ್:
ಇದು ಚೆನ್ನಾಗಿದೆ ಸರ್. ವರದಿಯ ಸ್ವರೂಪ ಯಾರಾದ್ರೂ ಸ್ವಲ್ಪ ಬಿಡಿಸಿ ಹೇಳ್ತೀರಾ?

ಮಲ್ಲೇಶ್ವರಂ_ಮೇಷ್ಟ್ರು:
ಮೊದಲ ಪ್ಯಾರಾದಲ್ಲಿ ಪೇಪರ್ ಏನು ಹೇಳುತ್ತದೆ ಎಂದು ಸ್ವಂತ ಮಾತಿನಲ್ಲಿ ನಾಲ್ಕೈದು ವಾಕ್ಯ. ಅಬ್‌ಸ್ಟ್ರಾಕ್ಟ್‌ನಿಂದ ಎತ್ತಿ ಬರೆಯಬಾರದು. ರಿವ್ಯೂವರ್ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಎಡಿಟರ್‌ಗೆ ತಿಳಿಯುವುದೇ ಈ ಪ್ಯಾರಾದಿಂದ. ನಂತರ ಪೇಪರಿನ ಬಲ ಎಲ್ಲಿದೆ ಎಂಬುದು. ನಂತರ ದೊಡ್ಡ ಆಕ್ಷೇಪಗಳು, ನಂಬರ್ ಹಾಕಿ. ಯಾವುದು ಸರಿಯಾಗದಿದ್ದರೆ ಮುಖ್ಯ ತೀರ್ಮಾನವೇ ಬಿದ್ದುಹೋಗುತ್ತದೋ ಅದು ಮಾತ್ರ ದೊಡ್ಡದು. ಉಳಿದದ್ದೆಲ್ಲ ಸಣ್ಣದು.

ಕಲಿಯುವವರು ಬರೆಯುವುದು ಸಾಮಾನ್ಯವಾಗಿ ಹೀಗಿರುತ್ತದೆ: “ಫಿಗರ್ 3ರಲ್ಲಿ ಕಂಟ್ರೋಲ್ ಸಾಲದು. ಇನ್ನಷ್ಟು ಪ್ರಯೋಗ ಬೇಕು. ಇಂಗ್ಲಿಷ್ ಸುಧಾರಿಸಬೇಕು.” ಇದನ್ನು ಓದಿದ ಲೇಖಕ ಏನು ಮಾಡಬೇಕು? ಅದನ್ನೇ ಹೀಗೆ ಬರೆಯಬಹುದು: “ಈ ಜೀನ್‌ನ ಮಟ್ಟ ಇಳಿಸಿದಾಗ ಜೀವಕೋಶಗಳ ಚಲನೆ ತಗ್ಗಿತು ಎಂದು ಫಿಗರ್ 3ಬಿ ತೋರಿಸುತ್ತದೆ. ಬಳಸಿರುವುದು ಒಂದೇ ಎಸ್‌ಐಆರ್‌ಎನ್‌ಎ (ಜೀನ್ ಅಡಗಿಸುವ ಚಿಕ್ಕ ಆರ್‌ಎನ್‌ಎ). ಅದು ಬೇರೆ ಜೀನ್‌ಗೆ ತಗುಲಿಯೂ ಇದೇ ಫಲಿತಾಂಶ ಬರಬಹುದು. ಬೇರೆ ಸೀಕ್ವೆನ್ಸ್‌ನ ಇನ್ನೊಂದು ಎಸ್‌ಐಆರ್‌ಎನ್‌ಎ ಬಳಸಿ ನೋಡಬೇಕು, ಅಥವಾ ಅದಕ್ಕೆ ಸಿಗದಂತೆ ಬದಲಿಸಿದ ಜೀನ್ ಸೇರಿಸಿ ಚಲನೆ ಮರಳುತ್ತದೆಯೇ ತೋರಿಸಬೇಕು. ಎರಡೂ ಆಗದಿದ್ದರೆ ಅಬ್‌ಸ್ಟ್ರಾಕ್ಟ್‌ನ ಕೊನೆಯ ವಾಕ್ಯವನ್ನು ತಗ್ಗಿಸಬೇಕು.” ಎಲ್ಲಿ, ಏಕೆ, ಏನು ಮಾಡಿದರೆ ಪರಿಹಾರ, ಮಾಡಲಾಗದಿದ್ದರೆ ಏನು, ಎಲ್ಲ ಬಂತು. ಆ ಕೊನೆಯ ವಾಕ್ಯವನ್ನು ಬಹಳ ಮಂದಿ ಮರೆಯುತ್ತಾರೆ. ಹೊಸ ಪ್ರಯೋಗ ಕೇಳುವುದು ಸುಲಭ, ಆರು ತಿಂಗಳು ಬೆವರು ಸುರಿಸುವವರು ಬೇರೆ ಯಾರೋ.

ಅಕ್ಸೆಪ್ಟ್, ರಿಜೆಕ್ಟ್ ಎಂಬ ಶಿಫಾರಸು ಲೇಖಕರು ಓದುವ ಭಾಗದಲ್ಲಿ ಬರಕೂಡದು. ಅದಕ್ಕೆ ಬೇರೆ ಡಬ್ಬವಿದೆ. ಎಡಿಟರ್‌ಗೆ ಮಾತ್ರ ಎಂಬ ಗುಟ್ಟಿನ ಡಬ್ಬವೂ ಇದೆ. ಅದರಲ್ಲಿ ಹಿತಾಸಕ್ತಿ ಸಂಘರ್ಷ, ಚಿತ್ರ ತಿದ್ದಿರುವ ಅನುಮಾನ, ನನಗೆ ಈ ವಿಧಾನ ಗೊತ್ತಿಲ್ಲ ಎಂಬಂಥವನ್ನು ಬರೆಯಬೇಕು. ಲೇಖಕರಿಗೆ ಹೂಮಾಲೆ, ಎಡಿಟರ್ ಕಿವಿಯಲ್ಲಿ ಕತ್ತಿ, ಹೀಗಾಗಬಾರದು.

ಜಯನಗರ_4ನೇ_ಬ್ಲಾಕ್:
ಇಂಗ್ಲಿಷ್ ಸುಧಾರಿಸಬೇಕು ಅನ್ನೋ ಸಾಲನ್ನ ನಿಷೇಧಿಸಿ ಮೇಷ್ಟ್ರೇ. ನಮ್ಮವರೇ ನಮ್ಮವರಿಗೆ ಬರೀತಾರೆ.

ಮಲ್ಲೇಶ್ವರಂ_ಮೇಷ್ಟ್ರು:
ಯಾವ ವಾಕ್ಯ ಅರ್ಥವಾಗಲಿಲ್ಲ ಎಂದು ಪುಟ, ಸಾಲು ಹೇಳಿದರೆ ತಪ್ಪಿಲ್ಲ. ಒಟ್ಟಾರೆ ಷರಾ ಬೇಡ.

ಬೆಂಚ್_ಕಾರ್ಮಿಕ:
ಎಲ್ಲ ಸರಿ ಸರ್, ಅಸಲಿ ವಿಷಯಕ್ಕೆ ಯಾರೂ ಬರ್ತಿಲ್ಲ. ಗೈಡ್‌ಗೆ ರಿವ್ಯೂ ಬರುತ್ತೆ, ಗೈಡ್ ಪಿಡಿಎಫ್ ಫಾರ್ವರ್ಡ್ ಮಾಡ್ತಾರೆ, ಸ್ಟೂಡೆಂಟ್ ಬರೀತಾರೆ, ಗೈಡ್ ಹೆಸರಲ್ಲಿ ಹೋಗುತ್ತೆ. ಕಲಿಕೆ ಅಂತ ಹೆಸರು. ಇದನ್ನ ಸೆಷನ್‌ನಲ್ಲಿ ಹೇಳ್ತೀರೋ ಇಲ್ವೋ?

ಎರಡನೇ_ರಿವ್ಯೂವರ್:
ಎಲ್ಲ ಗೈಡ್‌ಗಳೂ ಹಾಗಲ್ಲ ಮಾರಾಯ. ಕೂರಿಸ್ಕೊಂಡು ಸಾಲುಸಾಲು ತಿದ್ದೋರೂ ಇದ್ದಾರೆ.

ಬೆಂಚ್_ಕಾರ್ಮಿಕ:
ತಿದ್ದಲಿ, ಬೇಡ ಅಂದೋರು ಯಾರು? ಹೆಸರು ಹಾಕ್ಲಿ ಅಂದೆ. ಇಲೈಫ್‌ನಲ್ಲಿ 2019ರಲ್ಲಿ ಬಂದ ಸಮೀಕ್ಷೆಯಲ್ಲಿ ಉತ್ತರ ಕೊಟ್ಟ ಕಿರಿಯ ಸಂಶೋಧಕರಲ್ಲಿ ಅರ್ಧದಷ್ಟು ಜನ ಇನ್ನೊಬ್ಬರ ಹೆಸರಲ್ಲಿ ರಿವ್ಯೂ ಬರೆದಿದ್ದೀವಿ ಅಂದಿದ್ದಾರೆ. ಇದು ಬರೀ ನಮ್ಮೂರಿನ ಕಥೆ ಅಲ್ಲ.

ಎಡಿಟರ್_ಟೇಬಲ್:
ಬೆಂಚ್ ಹೇಳ್ತಿರೋದು ಹೆಸರಿನ ಪ್ರಶ್ನೆ ಮಾತ್ರ ಅಲ್ಲ, ಗೋಪ್ಯತೆಯದ್ದೂ ಹೌದು. ಎಡಿಟರ್ ಪೇಪರ್ ಕಳಿಸಿದ್ದು ಒಬ್ಬರಿಗೆ. ಕೇಳದೆ ಇನ್ನೊಬ್ಬರಿಗೆ ಕೊಟ್ರೆ ಕೋಪ್ (ಪ್ರಕಟಣೆಯ ನೀತಿ ನೋಡ್ಕೊಳ್ಳೋ ಸಂಸ್ಥೆ) ಮಾರ್ಗಸೂಚಿ ಮುರಿದ ಹಾಗೆ, ಅದು ಸ್ವಂತ ಲ್ಯಾಬಿನವರೇ ಆಗಿದ್ರೂ ಸರಿ. ಪರಿಹಾರ ಎರಡು ಸಾಲಿನ ಮೇಲ್: “ಈ ಪೇಪರನ್ನ ನಮ್ಮ ಲ್ಯಾಬಿನ ಇಂಥವರ ಜೊತೆ ಸೇರಿ ರಿವ್ಯೂ ಮಾಡಬಹುದೇ? ಅವರಿಗೂ ಹಿತಾಸಕ್ತಿ ಸಂಘರ್ಷ ಇಲ್ಲ, ಗೋಪ್ಯತೆ ಕಾಪಾಡ್ತಾರೆ.” ಬಹುತೇಕ ಒಪ್ತಾರೆ. ಹಲವು ಜರ್ನಲ್‌ಗಳ ಫಾರಂನಲ್ಲೇ ಸಹ-ರಿವ್ಯೂವರ್ ಹೆಸರಿಗೆ ಜಾಗ ಇದೆ. ಆ ಹೆಸರು ಸಿಸ್ಟಂನಲ್ಲಿ ಸೇರಿದ್ರೆ ಮುಂದಿನ ಆಹ್ವಾನ ನೇರ ವಿದ್ಯಾರ್ಥಿಗೇ ಬರೋ ಸಾಧ್ಯತೆ ಇರುತ್ತೆ. ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಇಲ್ಲದವರು ಮೊದಲು ಮಾಡಿಸ್ಕೊಳ್ಳಲಿ, ಪುಕ್ಕಟೆ.

ಬೆಂಚ್_ಕಾರ್ಮಿಕ:
ಆ ಮೇಲ್ ಕಳಿಸಿ ಅಂತ ಗೈಡ್‌ಗೆ ಹೇಳೋರು ಯಾರು? 🙂

ಕಾಫಿಪುಡಿ:
ಅದಕ್ಕೇ ಸೆಷನ್‌ಗೆ ಗೈಡ್‌ಗಳನ್ನೂ ಕರೀರಿ. ಕೊನೆಯ ಅರ್ಧ ಗಂಟೆ ಸಾಕು, ಉಪ್ಪಿಟ್ಟು ಇದೆ ಅಂದ್ರೆ ಬರ್ತಾರೆ.

ಹೆಬ್ಬಾಳ_ಲ್ಯಾಬ್:
ಶನಿವಾರ ಹೆಬ್ಬಾಳ ಫ್ಲೈಓವರ್ ದಾಟಿ ಯಾರು ಬರ್ತಾರೆ ಸರ್...

ಜಯನಗರ_4ನೇ_ಬ್ಲಾಕ್:
ಎಂಟಕ್ಕೇ ಶುರು ಮಾಡಿ. ಹತ್ತಾದ್ರೆ ಏರ್‌ಪೋರ್ಟ್ ಕಡೆಯವರೆಲ್ಲ ಅಲ್ಲೇ ನಿಂತಿರ್ತಾರೆ.

ಮಲ್ಲೇಶ್ವರಂ_ಮೇಷ್ಟ್ರು:
ಊರಿನಲ್ಲೇ ಇರುವ ಅನುಕೂಲ ಬಳಸಿಕೊಳ್ಳಿ. 1934ರಲ್ಲಿ ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಸದಾಶಿವನಗರದಲ್ಲಿದೆ, ಅಲ್ಲಿಂದ ಪ್ರಮಾಣ, ಸಾಧನಾ, ಜರ್ನಲ್ ಆಫ್ ಜೆನೆಟಿಕ್ಸ್ ಮುಂತಾದ ಜರ್ನಲ್‌ಗಳು ಹೊರಡುತ್ತವೆ. ಇಂಥ ಜರ್ನಲ್‌ಗಳ ಸಂಪಾದಕ ಮಂಡಳಿಯಲ್ಲಿರುವವರು ನಗರದ ಸಂಸ್ಥೆಗಳಲ್ಲೇ ಸಿಗುತ್ತಾರೆ. ಒಬ್ಬರನ್ನು ಕರೆದು ಒಂದೇ ವಿಷಯ ಕೇಳಿ: ರಿವ್ಯೂಗೆ ಕಳಿಸದೆ ಟೇಬಲ್ ಮೇಲೇ ವಾಪಸ್ ಕಳಿಸುವುದು ಯಾವಾಗ, ಏಕೆ?

ವಾದಿ_ಪ್ರತಿವಾದಿ:
ಪೀರ್ ರಿವ್ಯೂ ಇಲ್ಲದೆ ವಿಜ್ಞಾನವೇ ಇಲ್ಲ ಅನ್ನೋ ಹಾಗೆ ಮಾತಾಡ್ತಿದ್ದೀರಿ. ನೇಚರ್ ಜರ್ನಲ್ ಹೊರಗಿನವರ ರಿವ್ಯೂ ಕಡ್ಡಾಯ ಮಾಡಿದ್ದೇ 1973ರಲ್ಲಿ. ಡಿಎನ್‌ಎ ರಚನೆ ತಿಳಿಸಿದ 1953ರ ಪೇಪರ್ ರಿವ್ಯೂ ಆಗದೇ ಪ್ರಕಟವಾಗಿದ್ದು. ಐನ್‌ಸ್ಟೈನ್ 1936ರಲ್ಲಿ ಫಿಸಿಕಲ್ ರಿವ್ಯೂ ಜರ್ನಲ್ ತನ್ನ ಪೇಪರನ್ನ ರಿವ್ಯೂವರ್‌ಗೆ ಕಳಿಸಿತು ಅಂತ ಸಿಟ್ಟಾಗಿ ವಾಪಸ್ ತಗೊಂಡ್ರು.

ಗುರುತ್ವ:
ಕಥೆ ಪೂರ್ತಿ ಹೇಳಿ ಸ್ವಾಮಿ. ಆ ಪೇಪರ್ ಗುರುತ್ವದ ಅಲೆಗಳೇ ಇಲ್ಲ ಅಂತಿತ್ತು, ರಿವ್ಯೂವರ್ ತಪ್ಪು ಹಿಡಿದಿದ್ರು. ಆ ರಿವ್ಯೂವರ್ ಎಚ್. ಪಿ. ರಾಬರ್ಟ್‌ಸನ್ ಅನ್ನೋದು ಖಚಿತವಾಗಿದ್ದು 2005ರಲ್ಲಿ. 1937ರಲ್ಲಿ ಬೇರೆ ಜರ್ನಲ್‌ನಲ್ಲಿ ಬಂದಾಗ ತೀರ್ಮಾನ ಬದಲಾಗಿತ್ತು. ಅದೂ ವರದಿ ಓದಿ ತಿದ್ದಿದ್ದಲ್ಲ, ರಾಬರ್ಟ್‌ಸನ್ ಐನ್‌ಸ್ಟೈನ್‌ರ ಸಹಾಯಕ ಇನ್‌ಫೆಲ್ಡ್ ಹತ್ರ ಮಾತಾಡಿದ್ರು, ಅಲ್ಲಿಂದ ದಾಟಿದ್ದು. ನಿಮ್ಮ ಉದಾಹರಣೆ ನಿಮಗೇ ಉಲ್ಟಾ ಹೊಡೀತು.

ವಾದಿ_ಪ್ರತಿವಾದಿ:
ಒಪ್ಪಿದೆ. ಡಿಎನ್‌ಎ ಹಾಗೇ ನಿಂತಿದೆ.

ಕೆಪಾಸಿಟರ್_ಕುಮಾರ:
ಚಾಟ್‌ಜಿಪಿಟಿ ಬಗ್ಗೆ ಯಾರೂ ಎತ್ತಲಿಲ್ಲವಲ್ಲ. ಅರ್ಧ ಕ್ಲಾಸು ಪಿಡಿಎಫ್ ಅದಕ್ಕೇ ತುಂಬೋದು.

ಎಡಿಟರ್_ಟೇಬಲ್:
ಗೋಪ್ಯ ಪೇಪರನ್ನ ಅಂಥ ಸಾಧನಕ್ಕೆ ಹಾಕೋದು ಹೊರಗಿನವರ ಕೈಗೆ ಕೊಟ್ಟ ಹಾಗೇ. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2023ರಲ್ಲೇ ಅನುದಾನ ಅರ್ಜಿಗಳ ರಿವ್ಯೂನಲ್ಲಿ ಇದನ್ನ ನಿಷೇಧಿಸಿದೆ, ಎಲ್ಸೆವಿಯರ್ ಪ್ರಕಾಶನ ಕೂಡ ರಿವ್ಯೂವರ್‌ಗಳು ಅಪ್‌ಲೋಡ್ ಮಾಡಬಾರದು ಅನ್ನುತ್ತೆ. ನಿಯಮ ಜರ್ನಲ್‌ನಿಂದ ಜರ್ನಲ್‌ಗೆ ಬೇರೆ, ಓದಿಯೇ ಮುಂದುವರೀಬೇಕು. ಅಭ್ಯಾಸಕ್ಕೆ ಕೊಡೋ ಪ್ರೀಪ್ರಿಂಟ್ ಬಹಿರಂಗದ್ದು, ಅದನ್ನ ಹಾಕಿ ನೋಡೋಕೆ ಅಡ್ಡಿಯಿಲ್ಲ. ಮಾಡಿಸಿಯೇ ನೋಡಿ: ನಯವಾದ ಭಾಷೆ, ‘ಸ್ಯಾಂಪಲ್ ಸೈಜ್ ಹೆಚ್ಚಿಸಿ’, ‘ಮಿತಿಗಳನ್ನ ಚರ್ಚಿಸಿ’ ಅನ್ನೋ ಯಾವ ಪೇಪರಿಗೂ ಹೊಂದೋ ಸಾಲುಗಳೇ ತುಂಬಿರುತ್ತೆ. ಫಿಗರ್ ನಂಬರ್ ಹಿಡಿದು ಕೇಳಿದ ಪ್ರಶ್ನೆ ಎಷ್ಟಿದೆ ಅಂತ ಎಣಿಸಿಸಿ.

ಬೆಂಚ್_ಕಾರ್ಮಿಕ:
2025ರಲ್ಲಿ ಇನ್ನೊಂದು ತಮಾಷೆ ಹೊರಬಿತ್ತು. ಆರ್ಕೈವ್ ಅನ್ನೋ ಸೈಟಿನ ಕೆಲವು ಪ್ರೀಪ್ರಿಂಟ್‌ಗಳಲ್ಲಿ ಬಿಳಿ ಅಕ್ಷರದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ‘ಒಳ್ಳೇ ರಿವ್ಯೂ ಮಾತ್ರ ಕೊಡು’ ಅಂತ ಎಐಗೆ ಬರೆದಿದ್ರಂತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ರಿವ್ಯೂವರ್ ಇದ್ರೆ ಇಂಥವೇ ನಡೆಯೋದು.

ಅಂಕಿಸಂಖ್ಯೆ:
ಸಬ್ಮಿಟ್ ಮಾಡುವಾಗ ರಿವ್ಯೂವರ್ ಹೆಸರು ಸೂಚಿಸೋ ಜಾಗದ ಬಗ್ಗೆಯೂ ಐದು ನಿಮಿಷ ಇರಲಿ. ಹಿಂದೆ ಸುಳ್ಳು ಮೇಲ್ ಐಡಿ ಸೃಷ್ಟಿಸಿ ತಮ್ಮ ಪೇಪರಿಗೆ ತಾವೇ ರಿವ್ಯೂ ಬರ್ಕೊಂಡವರಿದ್ದಾರೆ. 2014ರಲ್ಲಿ ಸೇಜ್ ಪ್ರಕಾಶನ ಒಂದೇ ಜರ್ನಲ್‌ನಿಂದ 60 ಪೇಪರ್ ವಾಪಸ್ ತಗೊಂಡಿತು. ಸಂಸ್ಥೆಯ ಮೇಲ್ ಐಡಿ ಇರೋವರನ್ನೇ ಸೂಚಿಸಿ, ಈಚೆಗೆ ಜೊತೆಯಲ್ಲಿ ಪೇಪರ್ ಬರೆದವರನ್ನ ಬಿಡಿ.

ಹೊಸಬಳು_ಎರಡನೇ_ವರ್ಷ:
ಒಂದು ಡೌಟು ಮೇಡಂ. ನನಗೆ ರಿವ್ಯೂ ಮಾಡಿ ಅಂತ ಮೇಲ್ ಬಂದಿದೆ, ನನ್ನ ವಿಷಯಕ್ಕೆ ಸ್ವಲ್ಪ ಹತ್ತಿರ. ಜರ್ನಲ್ ಅಸಲಿನಾ ನಕಲಿನಾ ಹೇಗೆ ಗೊತ್ತಾಗುತ್ತೆ? ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ ಈಗ ಇಲ್ಲವಂತೆ.

ಎಡಿಟರ್_ಟೇಬಲ್:
ಹೌದಮ್ಮ, 2025ರಲ್ಲಿ ಆ ಪಟ್ಟಿ ನಿಲ್ಲಿಸಿದ್ರು. ಮೇಲ್‌ನಲ್ಲಿರೋ ಲಿಂಕ್ ಒತ್ತಬೇಡ, ಜರ್ನಲ್ ಸೈಟಿಗೆ ನೇರವಾಗಿ ಹೋಗು. ಸಂಪಾದಕ ಮಂಡಳಿಯ ಇಬ್ಬರ ಹೆಸರು ಹಿಡಿದು ಅವರ ಸಂಸ್ಥೆಯ ಪುಟದಲ್ಲಿ ಈ ಜರ್ನಲ್ ಹೆಸರಿದೆಯಾ ನೋಡು. ಓಪನ್ ಆಕ್ಸೆಸ್ (ಪುಕ್ಕಟೆ ಓದೋಕೆ ಸಿಗೋದು) ಆದ್ರೆ ಅಂಥ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿ ಹುಡುಕು. ಇತ್ತೀಚಿನ ಮೂರು ಪೇಪರ್ ತೆರೆದು ಪೇಪರ್ ತಲುಪಿದ ತಾರೀಖು, ಒಪ್ಪಿದ ತಾರೀಖು ನೋಡು. ನಾಲ್ಕೇ ದಿನದ ಅಂತರ ಇದ್ರೆ ಅಲ್ಲಿ ರಿವ್ಯೂ ನಡೆದಿರಲ್ಲ. ಎಲ್ಲ ಸರಿಯಿದ್ರೂ ವಿಷಯ ಅರ್ಧ ಮಾತ್ರ ಗೊತ್ತಿದ್ರೆ, ಯಾವ ಭಾಗ ನೋಡಬಲ್ಲೆ ಅಂತ ಎಡಿಟರ್‌ಗೆ ಮೊದಲೇ ಬರಿ. ಆಗಲ್ಲ ಅನ್ನೋದಾದ್ರೆ ಎರಡು ದಿನದೊಳಗೆ ಹೇಳು. ಸುಮ್ಮನಿದ್ದು ಮೂರು ವಾರ ಕಳೆಯೋ ರಿವ್ಯೂವರ್‌ಗಿಂತ ತಕ್ಷಣ ಬೇಡ ಅಂದವರೇ ಮೇಲು.

ಹೊಸಬಳು_ಎರಡನೇ_ವರ್ಷ:
ಥ್ಯಾಂಕ್ಸ್ ಮೇಡಂ. ಮಾಡಿದ್ರೆ ಎರಡನೇ ಸುತ್ತಿಗೂ ನನಗೇ ಬರುತ್ತಾ?

ಮಲ್ಲೇಶ್ವರಂ_ಮೇಷ್ಟ್ರು:
ದೊಡ್ಡ ರಿವಿಷನ್ ಆಗಿದ್ದರೆ ಸಾಮಾನ್ಯವಾಗಿ ಬರುತ್ತದೆ. ಆಗ ಮೊದಲು ಲೇಖಕರ ಉತ್ತರಪತ್ರ ಓದಿ, ನಂತರ ಬದಲಾವಣೆ ಗುರುತು ಹಾಕಿದ ಪ್ರತಿ. ಮೊದಲ ಸುತ್ತಿನಲ್ಲಿ ಕೇಳದ ಹೊಸ ಪ್ರಯೋಗವನ್ನು ಈಗ ಕೇಳಬಾರದು, ಹೊಸದಾಗಿ ಸೇರಿಸಿದ ಡೇಟಾದಲ್ಲೇ ದೋಷ ಕಂಡರೆ ಮಾತ್ರ ಆ ಮಾತು ಬೇರೆ. ನಿಮ್ಮ ಹಳೆಯ ವರದಿಯ ಪ್ರತಿ ಇಟ್ಟುಕೊಂಡಿರಿ, ಹೋಲಿಸಿ ನೋಡಲು ಬೇಕಾಗುತ್ತದೆ.